ಯಾದಿಯಲ್ಲಿ ಹೆಸರು, ಸಭೆಯಲ್ಲಿ ಮಾತು

ಬೆಳಗಾವಿಯಿಂದ ಲೋಂಡಾದತ್ತ ಹೋಗುವ ರೈಲಿನಲ್ಲಿ ನೀವು ಎಂದಾದರೂ ಕುಳಿತಿದ್ದೀರಾ? ದೇಸೂರು, ಇದಲಹೊಂಡ ದಾಟಿ ಖಾನಾಪುರ ಸಮೀಪಿಸುವಷ್ಟರಲ್ಲಿ ಮಣ್ಣು ಕೆಂಪೇರುತ್ತದೆ. ಮನೆಗಳ ಮೇಲೆ ಕೆಂಪು ಹಂಚು ಕಾಣತೊಡಗುತ್ತದೆ. ಮಲಪ್ರಭೆಯ ದಂಡೆಯ ಆ ಊರನ್ನು ಬಿಟ್ಟು ಗುಂಜಿಯನ್ನು ಕಳೆದರೆ ಎರಡೂ ಮಗ್ಗುಲಿಗೆ ಕಾಡು. ಲೋಂಡಾ ಜಂಕ್ಷನ್ನಿನಲ್ಲಿ ದಾರಿಗಳು ಬೇರೆಯಾಗುತ್ತವೆ: ಒಂದು ಗೋವೆಗೆ, ಇನ್ನೊಂದು ಅಳ್ನಾವರದ ಮೇಲಿಂದ ಧಾರವಾಡಕ್ಕೆ. ಈ ಸೀಮೆಯಲ್ಲಿ ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಈ ಮೂರು ಜಿಲ್ಲೆಗಳ ಗಡಿಗಳು ಕಾಡಿನೊಳಗೇ ಕೂಡುತ್ತವೆ. ಗಡಿಯ ಕಲ್ಲು ಎಲ್ಲಿದೆಯೆಂಬುದು ಅಳೆಯುವವರಿಗೆ ಗೊತ್ತು. ಮರಕ್ಕೆ ಗೊತ್ತಿಲ್ಲ, ಮಳೆಗೆ ಗೊತ್ತಿಲ್ಲ.

ಈ ದಾರಿಯ ಸಂತೆಗಳಲ್ಲಿ, ಬಸ್ಸಿನ ನಿಲ್ದಾಣಗಳಲ್ಲಿ ಗುಂಗುರು ಕೂದಲಿನ, ಎಣ್ಣೆಗಪ್ಪು ಮೈಬಣ್ಣದ ಕೆಲವು ಜನರನ್ನು ನೀವು ನೋಡಿರಬಹುದು. ಹೊಸದಾಗಿ ಬಂದ ಪ್ರಯಾಣಿಕ ಪಕ್ಕದವರನ್ನು ಕೇಳುವುದುಂಟು: ಇವರು ಯಾವ ದೇಶದವರು? ಅದಕ್ಕೆ ನೇರವಾದ ಉತ್ತರ ಒಂದೇ: ಇವರು ಖಾನಾಪುರ ತಾಲೂಕಿನವರು. ಇವರಿಗೆ ಸಿದ್ದಿಗಳೆಂದು ಹೆಸರು. ನಮ್ಮ ಸಂವಿಧಾನವು ಇವರ ಹೆಸರನ್ನು ಹೇಗೆ ಬರೆದುಕೊಂಡಿತು, ಬರೆದುಕೊಂಡ ಮೇಲೆ ಇವರ ಮಾತು ಎಲ್ಲಿಯವರೆಗೆ ಕೇಳಿಸುತ್ತದೆ ಎಂಬ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುವುದು ಈ ಭಾಷಣದ ಉದ್ದೇಶ.

ಸಿದ್ದಿಗಳ ಪೂರ್ವಜರು ಆಫ್ರಿಕಾ ಖಂಡದವರು. ಅರಬ ವ್ಯಾಪಾರಿಗಳೂ ಪೋರ್ತುಗೀಜರೂ ಅವರನ್ನು ಪಶ್ಚಿಮ ಕರಾವಳಿಗೆ ತಂದರು. ಕೆಲವರು ದಖ್ಖನದ ಅರಸೊತ್ತಿಗೆಗಳಲ್ಲಿ ಸರದಾರರಾಗಿ ಮೆರೆದರು. 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನ ಹೆಸರನ್ನು ಇತಿಹಾಸದ ಪುಸ್ತಕದಲ್ಲಿ ನೀವು ಓದಿದ್ದೀರಿ. ಜಂಜೀರಾ ಕೋಟೆಯನ್ನು ಆಳಿದ ಸಿದ್ದಿಗಳನ್ನೂ ಕೇಳಿದ್ದೀರಿ. ನಮ್ಮ ಕಾಡಿನ ಸಿದ್ದಿಗಳ ಕಥೆ ಬೇರೆ. ಗೋವೆಯಲ್ಲಿ ಗುಲಾಮರಾಗಿ ದುಡಿದವರು, ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಬಂದು ಈ ಅಡವಿಯಲ್ಲಿ ನೆಲೆ ಕಂಡರು. ಪೋರ್ತುಗೀಜರು ತಮ್ಮ ನೆಲದಲ್ಲಿ ಗುಲಾಮಗಿರಿಯನ್ನು ಕಾಯಿದೆಯಿಂದ ತೆಗೆದುಹಾಕಿದ್ದು 1869ರಲ್ಲಿ. ಅದಕ್ಕೆ ಮುಂಚೆಯೇ ಕಾಡು ಅನೇಕರನ್ನು ಬಿಡುಗಡೆ ಮಾಡಿತ್ತು.

ಇಂದು ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡ, ಜೋಯಿಡಾ, ಖಾನಾಪುರ, ಅಳ್ನಾವರದ ಸೀಮೆ, ಇಲ್ಲೆಲ್ಲ ಅವರ ವಸತಿಗಳಿವೆ. ಅವರಲ್ಲಿ ಹಿಂದುಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು. ಡಮಾಮಿಯ ಬಾರಿಸಾಟ ಮೂರೂ ಮತದವರಿಗೆ ಸೇರಿದ್ದು. ಹಳೆಯ ಅರಿವೆಯ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಯೂ ಹಾಗೆಯೇ.

ಈಗ ಕಾಯಿದೆಯ ಕಡೆಗೆ ಬರೋಣ. 1946ರ ಡಿಸೆಂಬರಿನಲ್ಲಿ ಸಂವಿಧಾನ ಸಭೆ ಕೂಡಿದಾಗ ಕಾಡುಜನರ ಪರವಾಗಿ ಎದ್ದು ನಿಂತವರು ಛೋಟಾ ನಾಗಪುರದ ಜಯಪಾಲ ಸಿಂಗರು. 1928ರ ಒಲಿಂಪಿಕ್ಸಿನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದ ಅವರೇ. ಸಂವಿಧಾನದಲ್ಲಿ ‘ಆದಿವಾಸಿ’ ಎಂಬ ಶಬ್ದವೇ ಇರಬೇಕೆಂದು ಅವರು ವಾದಿಸಿದರು. ಆ ಶಬ್ದ ಸೇರಲಿಲ್ಲ. ‘ಪರಿಶಿಷ್ಟ ಪಂಗಡ’ ಎಂಬ ಅರ್ಥದ ಶಬ್ದ ಸೇರಿತು. ಜಯಪಾಲ ಸಿಂಗರ ಬೇಸರ ನ್ಯಾಯವಾದದ್ದೇ. ಆದರೆ ಕಾಲದ ಆಟ ನೋಡಿರಿ. ‘ಈ ನೆಲಕ್ಕೆ ಮೊದಲು ಬಂದವರು ಯಾರು’ ಎಂದು ಸಂವಿಧಾನ ಕೇಳಿದ್ದರೆ ಸಮುದ್ರ ದಾಟಿ ಬಂದ ಸಿದ್ದಿಗೆ ಬಾಗಿಲು ತೆರೆಯುವುದು ಕಷ್ಟವಾಗುತ್ತಿತ್ತು. 1965ರಲ್ಲಿ ಲೋಕೂರ ಸಮಿತಿ ಹೇಳಿದ ಲಕ್ಷಣಗಳು ಬೇರೆ ತರಹದವು: ಪ್ರಾಚೀನ ಜೀವನ ಕ್ರಮದ ಕುರುಹು, ಪ್ರತ್ಯೇಕ ಸಂಸ್ಕೃತಿ, ದೂರದ ದುರ್ಗಮ ವಾಸ, ಹೊರಗಿನವರೊಡನೆ ಬೆರೆಯುವ ಸಂಕೋಚ, ಹಿಂದುಳಿದಿರುವಿಕೆ. ಈ ಲಕ್ಷಣಗಳಲ್ಲಿ ಕೆಲವು ಇಂದಿನ ಕಿವಿಗೆ ಅಷ್ಟು ಹಿತವಲ್ಲ. ಆದರೂ ಇವುಗಳಲ್ಲಿ ಮೂಲ ಊರಿನ ಪ್ರಶ್ನೆ ಇಲ್ಲವೆಂಬುದನ್ನು ಗಮನಿಸಬೇಕು. ಪರಿಶಿಷ್ಟ ಪಂಗಡಕ್ಕೆ ಮತದ ಪ್ರಶ್ನೆಯೂ ಇಲ್ಲ. ಆದ್ದರಿಂದ ಮೂರು ಮತದ ಸಿದ್ದಿಗಳೂ ಒಂದೇ ಹೆಸರಿನ ಕೆಳಗೆ ನಿಲ್ಲಬಲ್ಲರು.

ಸಂವಿಧಾನದ 342ನೆಯ ವಿಧಿಯ ಪ್ರಕಾರ ಯಾವ ರಾಜ್ಯದಲ್ಲಿ ಯಾವ ಪಂಗಡ ಎಂಬ ಯಾದಿಯನ್ನು ಮೊದಲು ಹೊರಡಿಸುವವರು ರಾಷ್ಟ್ರಪತಿಗಳು. ಆ ಮೇಲೆ ಒಂದು ಹೆಸರನ್ನು ಸೇರಿಸುವ, ತೆಗೆಯುವ ಅಧಿಕಾರ ಸಂಸತ್ತಿಗೆ ಮಾತ್ರ. ತಹಶೀಲದಾರರಿಗಿಲ್ಲ, ಮಂತ್ರಿಗಳಿಗಿಲ್ಲ, ನ್ಯಾಯಾಲಯಕ್ಕೂ ಇಲ್ಲ. ಕರ್ನಾಟಕದ ಯಾದಿಗೆ ಸಿದ್ದಿಯ ಹೆಸರು ಸೇರಿದ್ದು 2003ರ ಜನವರಿಯಲ್ಲಿ, ಗಣರಾಜ್ಯವಾಗಿ 53 ವರ್ಷಗಳಾದ ಬಳಿಕ. ಸೇರುವಾಗ ಹೆಸರಿನ ಪಕ್ಕದಲ್ಲಿ ಒಂದು ಕಂಸವೂ ಸೇರಿತು: ‘ಉತ್ತರ ಕನ್ನಡ ಜಿಲ್ಲೆಯಲ್ಲಿ’. ಇಂಥ ಕಂಸ ನಮ್ಮಲ್ಲಿ ಮಾತ್ರವಲ್ಲ. ಗುಜರಾತಿನ ಯಾದಿಯಲ್ಲೂ ಸಿದ್ದಿಯ ಹೆಸರಿಗೆ ಸೌರಾಷ್ಟ್ರದ ಕೆಲವು ಜಿಲ್ಲೆಗಳನ್ನು ಕಟ್ಟಿಯೇ ಬರೆಯಲಾಗಿದೆ.

ಕಂಸವೆಂದರೆ ಎರಡು ಸಣ್ಣ ಗೆರೆ. ಅದರಿಂದ ಆಗುವುದೇನು ಎಂದು ನಿಮಗೆ ಅನಿಸಬಹುದು. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳನ್ನು ಊಹಿಸಿಕೊಳ್ಳಿರಿ. ಅಕ್ಕನನ್ನು ಹಳಿಯಾಳ ತಾಲೂಕಿಗೆ ಕೊಟ್ಟಿದ್ದಾರೆ, ತಂಗಿಯನ್ನು ಖಾನಾಪುರ ತಾಲೂಕಿಗೆ. ನಡುವೆ ಒಂದು ಹಳ್ಳ, ಒಂದಿಷ್ಟು ಅಡವಿ. ಇಬ್ಬರ ಮನೆಯವರೂ ಸಿದ್ದಿಗಳೇ, ಇಬ್ಬರದೂ ಅಡವಿಯಂಚಿನ ತುಂಡು ಜಮೀನು. 2003ರ ತರುವಾಯ ಅಕ್ಕನ ಮಗ ಪರಿಶಿಷ್ಟ ಪಂಗಡದವನು. ತಂಗಿಯ ಮಗ ಅಲ್ಲ. ಅಕ್ಕನ ಮಗನಿಗೆ ವಿದ್ಯಾರ್ಥಿ ವೇತನದ, ನೌಕರಿಯ ಮೀಸಲಾತಿಯ ದಾರಿ ತೆರೆದಿದೆ; ತಂಗಿಯ ಮಗ ಅದೇ ದಾರಿಯ ಆಚೆ ನಿಂತು ನೋಡಬೇಕು.

ಜಮೀನಿನ ಮಾತಂತೂ ಇನ್ನೂ ದೊಡ್ಡದು. 2006ರಲ್ಲಿ ಅರಣ್ಯ ಹಕ್ಕುಗಳ ಕಾಯಿದೆ ಬಂತು. ಅಡವಿಯಲ್ಲಿ ಬಾಳುವ ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ 13ಕ್ಕೆ ಮುಂಚಿನಿಂದ ಆ ನೆಲವನ್ನು ಸಾಗುಮಾಡುತ್ತಿದ್ದರೆ, ನಾಲ್ಕು ಹೆಕ್ಟೇರಿನ ಮಿತಿಯೊಳಗೆ ಹಕ್ಕು ಕೇಳಬಹುದು. ಪರಿಶಿಷ್ಟ ಪಂಗಡದವನಲ್ಲದ ಅಡವಿವಾಸಿಯೂ ಕೇಳಬಹುದು. ಆದರೆ ಅವನು ತನ್ನ ಕುಲ ಆ ದಿನಕ್ಕಿಂತ ಮುಂಚೆ ಮೂರು ತಲೆಮಾರಿನಿಂದ ಆ ಅಡವಿಯಲ್ಲಿದೆ ಎಂದು ತೋರಿಸಬೇಕು. ಒಂದು ತಲೆಮಾರಿಗೆ 25 ವರ್ಷ, ಮೂರಕ್ಕೆ 75 ವರ್ಷ. ಅಂದರೆ 1930ರ ಕಾಲದ ಸಾಕ್ಷಿ ಬೇಕು. ಓದು ಬರಹವಿಲ್ಲದ, ಗುಲಾಮಗಿರಿಯಿಂದ ಓಡಿಬಂದು ಬಚ್ಚಿಟ್ಟುಕೊಂಡು ಬಾಳಿದ ಜನ 1930ರ ಕಾಗದವನ್ನು ಎಲ್ಲಿಂದ ತರಬೇಕು? ತಮ್ಮ ಗುರುತನ್ನು ಯಾರಿಗೂ ಕೊಡದಿರುವುದೇ ಆ ಜನಕ್ಕೆ ಒಂದು ಕಾಲಕ್ಕೆ ಜೀವ ಉಳಿಸಿದ ಉಪಾಯವಾಗಿತ್ತಲ್ಲವೆ? ಅಕ್ಕನಿಗೆ ಒಂದು ಅಳತೆ, ತಂಗಿಗೆ ಇನ್ನೊಂದು. ಎರಡು ಸಣ್ಣ ಗೆರೆಗಳ ಕೆಲಸ ಇಷ್ಟು.

ಈ ಜಿಲ್ಲೆಗಳ ಗಡಿಯಾದರೂ ಏನು ಪುರಾತನವೆ? ಇಂದಿನ ಉತ್ತರ ಕನ್ನಡ ಮದರಾಸ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋದದ್ದು 1862ರಲ್ಲಿ. 1956ರ ನವೆಂಬರ 1ರಂದು ಆ ಜಿಲ್ಲೆಯೂ ಬೆಳಗಾವಿ, ಧಾರವಾಡಗಳೂ ಒಟ್ಟಿಗೇ ನಮ್ಮ ರಾಜ್ಯಕ್ಕೆ ಬಂದವು. ಜಿಲ್ಲೆಯ ಗೆರೆಯನ್ನು ಎಳೆದದ್ದು ಕಂದಾಯದ ಅನುಕೂಲಕ್ಕೆ. ಅದನ್ನೇ ಕುಲದ ಗೆರೆಯೆಂದು ತಿಳಿದುಕೊಂಡದ್ದು ನಮ್ಮ ಕಾಲದ ತಪ್ಪು.

ಆ ತಪ್ಪು ತಿದ್ದಿತು. ಆದರೆ ಹದಿನೇಳು ವರ್ಷ ಹಿಡಿಯಿತು. ರಾಜ್ಯ ಸರಕಾರದ ಶಿಫಾರಸು ಬೇಕು, ಭಾರತದ ಮಹಾ ರಿಜಿಸ್ಟ್ರಾರರ ಒಪ್ಪಿಗೆ ಬೇಕು, ರಾಷ್ಟ್ರೀಯ ಆಯೋಗದ ಅಭಿಪ್ರಾಯ ಬೇಕು, ಕೊನೆಗೆ ಸಂಸತ್ತಿನ ಎರಡೂ ಸದನಗಳ ಮುದ್ರೆ ಬೇಕು. 2019ರ ಡಿಸೆಂಬರಿನಲ್ಲಿ ರಾಜ್ಯಸಭೆಯೂ 2020ರ ಫೆಬ್ರುವರಿಯಲ್ಲಿ ಲೋಕಸಭೆಯೂ ತಿದ್ದುಪಡಿಯನ್ನು ಅಂಗೀಕರಿಸಿದವು. ಕಂಸದೊಳಗೆ ಉತ್ತರ ಕನ್ನಡದ ಜೊತೆಗೆ ಬೆಳಗಾವಿ ಮತ್ತು ಧಾರವಾಡದ ಹೆಸರುಗಳು ಬಂದವು. ಹೀಗೆ ತಂಗಿಯ ಮಗನೂ ಯಾದಿಗೆ ಬಂದ. ಆದರೆ 2003ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಆಗ ಇಪ್ಪತ್ತೇಳು. ಶಾಲೆಯ ವಯಸ್ಸು ಕಳೆದುಹೋಗಿತ್ತು.

ಇಲ್ಲಿಗೆ ಮೊದಲನೆಯ ಪ್ರಶ್ನೆ ಮುಗಿಯಿತೆಂದು ಇಟ್ಟುಕೊಳ್ಳೋಣ. ಹೆಸರು ಯಾದಿಗೆ ಬಂತು. ಎರಡನೆಯ ಪ್ರಶ್ನೆ ಪ್ರಾತಿನಿಧ್ಯದ್ದು. ಯಾದಿಯಲ್ಲಿ ಹೆಸರಿರುವ ಪ್ರತಿಯೊಂದು ಪಂಗಡಕ್ಕೂ ಶಾಸನ ಸಭೆಯಲ್ಲಿ ಒಂದು ಬಾಯಿ ಸಿಗುತ್ತದೆಯೆ?

ಲೆಕ್ಕ ಮಾಡಿ ನೋಡೋಣ. ಕರ್ನಾಟಕದ ವಿಧಾನಸಭೆಯ 224 ಸ್ಥಾನಗಳಲ್ಲಿ ಪರಿಶಿಷ್ಟ ಪಂಗಡಗಳಿಗೆಂದು 15 ಸ್ಥಾನಗಳಿವೆ. ಅವು ಐವತ್ತು ಪಂಗಡಗಳಿಗೂ ಕೂಡಿ ಇರುವ ಸ್ಥಾನಗಳು. ಬೆಳಗಾವಿ ಜಿಲ್ಲೆಯಲ್ಲಿ ಯಮಕನಮರಡಿ ಅಂಥ ಕ್ಷೇತ್ರ. ಖಾನಾಪುರ ಸಾಮಾನ್ಯ ಕ್ಷೇತ್ರ. 2011ರ ಜನಗಣತಿಯಲ್ಲಿ ಕರ್ನಾಟಕದ ಸಿದ್ದಿಗಳ ಸಂಖ್ಯೆ 10,477. ಇಡೀ ಭಾರತದಲ್ಲಿ 19,514. ಖಾನಾಪುರ ಒಂದೇ ಕ್ಷೇತ್ರದ ಮತದಾರರು ಎರಡು ಲಕ್ಷದ ಮೇಲಿದ್ದಾರೆ. ಹತ್ತು ಸಾವಿರ ಜನ, ಅದೂ ಮೂರು ಜಿಲ್ಲೆಗಳ ಅಡವಿಯಲ್ಲಿ ಚದುರಿದವರು, ತಮ್ಮ ಮತದಿಂದ ಒಬ್ಬ ಶಾಸಕನನ್ನು ಆರಿಸಿ ಕಳಿಸುವುದು ಆಗದ ಮಾತು. ಇದರಲ್ಲಿ ಯಾರ ತಪ್ಪೂ ಇಲ್ಲ. ತಲೆ ಎಣಿಸಿ ನಡೆಯುವ ರಾಜ್ಯಭಾರದಲ್ಲಿ ಸಣ್ಣ ಸಮುದಾಯದ ಪಾಡು ಇದು.

ಇಲ್ಲಿ ಒಂದು ಸೋಜಿಗವನ್ನೂ ಹೇಳಬೇಕು. 2008ರ ಕ್ಷೇತ್ರ ಪುನರ್ವಿಂಗಡಣೆಯ ಪ್ರಕಾರ ಖಾನಾಪುರ ವಿಧಾನಸಭಾ ಕ್ಷೇತ್ರ ಸೇರುವುದು ಬೆಳಗಾವಿಯ ಲೋಕಸಭಾ ಕ್ಷೇತ್ರಕ್ಕಲ್ಲ, ಉತ್ತರ ಕನ್ನಡದ ಲೋಕಸಭಾ ಕ್ಷೇತ್ರಕ್ಕೆ. ಅಂದರೆ ಮತ ಹಾಕುವ ದಿನ ಖಾನಾಪುರದ ಸಿದ್ದಿ ಉತ್ತರ ಕನ್ನಡದವನು; ಹಕ್ಕು ಕೇಳುವ ದಿನ, 2020ರವರೆಗೂ, ಅವನು ಬೆಳಗಾವಿಯವನು. ಒಂದೇ ಸರಕಾರದ ಎರಡು ಕಾಗದಗಳು ಒಬ್ಬ ಮನುಷ್ಯನನ್ನು ಎರಡು ಊರಿನವನನ್ನಾಗಿ ಮಾಡಿದ್ದವು.

2020ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಬುಡ್ನ ಸಿದ್ದಿಯವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಿದ್ದಿಯೊಬ್ಬರು ಶಾಸನ ಸಭೆಯಲ್ಲಿ ಕುಳಿತದ್ದು ಅದೇ ಮೊದಲು. 2012ರಲ್ಲಿ ತೆರೆದ ಬೆಳಗಾವಿಯ ಸುವರ್ಣ ವಿಧಾನ ಸೌಧದ ಪರಿಷತ್ತಿನ ಸಭಾಂಗಣದಲ್ಲೂ ಹೀಗೆ ಒಂದು ಸಿದ್ದಿಯ ಕುರ್ಚಿ ಬಂತು. ಇದು ಸಂತೋಷದ ಸಂಗತಿ, ಇತಿಹಾಸದಲ್ಲಿ ಬರೆದಿಡಬೇಕಾದ ಸಂಗತಿ. ಆದರೆ ಪರಿಷತ್ತಿನ 75 ಸ್ಥಾನಗಳಲ್ಲಿ ನಾಮಕರಣದ 11 ಸ್ಥಾನಗಳು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜ ಸೇವೆಗಳಲ್ಲಿ ಹೆಸರಾದವರಿಗೆಂದು ಇರತಕ್ಕವು. ಯಾವ ಪಂಗಡಕ್ಕೂ ಮೀಸಲಲ್ಲ. ಸರಕಾರ ಮನಸ್ಸು ಮಾಡಿದರೆ ಬರುತ್ತದೆ, ಅವಧಿ ತೀರಿದರೆ ಹೋಗುತ್ತದೆ. ಅತಿಥಿಗೆ ಹಾಕಿದ ಮಣೆ ಗೌರವದ್ದೇ. ಆದರೆ ಮನೆಯ ಮಗನ ಮಣೆಯಂತೆ ಅದು ನಿತ್ಯದ್ದಲ್ಲ.

ಇದು ನಮ್ಮ ನಾಡಿನದೊಂದೇ ತೊಡಕೆಂದು ತಿಳಿಯಬೇಡಿರಿ. ನ್ಯೂಜೀಲೆಂಡಿನಲ್ಲಿ ಅಲ್ಲಿಯ ಮಾವೊರಿ ಜನರಿಗೆ 1867ರಲ್ಲೇ ಸಂಸತ್ತಿನಲ್ಲಿ ನಾಲ್ಕು ಸ್ಥಾನಗಳನ್ನು ತೆಗೆದಿಟ್ಟರು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳನ್ನು ಸಂವಿಧಾನದಲ್ಲಿ ಹೆಸರಿಸಿ, ಸಂಸತ್ತಿಗೆ ಸಲಹೆ ಹೇಳುವ ಒಂದು ಮಂಡಲಿಯನ್ನು ಅವರಿಗೆ ಕೊಡಬೇಕೆ ಎಂದು 2023ರ ಅಕ್ಟೋಬರ 14ರಂದು ಜನಮತ ಕೇಳಿದರು. ಆರೂ ರಾಜ್ಯಗಳು ಬೇಡವೆಂದವು. ಬಹುಸಂಖ್ಯಾತರ ಮತದಿಂದ ಅಲ್ಪಸಂಖ್ಯಾತರ ಬಾಯಿ ತೆರೆಯಿಸುವುದು ಎಲ್ಲಿಯೂ ಕಠಿಣ.

ಅಷ್ಟು ದೂರ ಏಕೆ, ಖಾನಾಪುರ ತಾಲೂಕಿನ ಕಣಕುಂಬಿಯಿಂದ ಘಟ್ಟ ಇಳಿದರೆ ಗೋವೆ. ಕರ್ನಾಟಕದ ಸಿದ್ದಿಯನ್ನು ಯಾದಿಗೆ ಸೇರಿಸಿದ ಅದೇ 2003ರ ಕಾಯಿದೆ ಗೋವೆಯ ಕುಣಬಿ, ಗಾವಡಾ, ವೇಳಿಪ ಜನರನ್ನೂ ಸೇರಿಸಿತು. ಘಟ್ಟದ ಮೇಲೆ ನಮ್ಮ ಜೋಯಿಡಾದ ಕುಣಬಿಗಳು ಅದೇ ಮನ್ನಣೆಯನ್ನು ಕೇಳುತ್ತ ಬಂದವರು. ಅವರ ಕಥೆಗೆ ಬೇರೆಯೇ ಭಾಷಣ ಬೇಕು. ಗೋವೆಯಲ್ಲಿ ಮುಂದೆ ಏನಾಯಿತು? 2001ರ ಜನಗಣತಿಯಲ್ಲಿ ಗೋವೆಯ ಪರಿಶಿಷ್ಟ ಪಂಗಡದವರು ಕೇವಲ 566 ಜನ. 2011ರಲ್ಲಿ 1,49,275. ಹತ್ತು ವರ್ಷದಲ್ಲಿ ಜನ ಹುಟ್ಟಿಬಂದದ್ದಲ್ಲ. ಇದ್ದ ಜನ ಲೆಕ್ಕಕ್ಕೆ ಬಂದದ್ದು. ಆದರೆ ಕ್ಷೇತ್ರಗಳನ್ನು ವಿಂಗಡಿಸಿದ್ದು 2001ರ ಅಂಕಿಗಳ ಮೇಲೆ. ಆದ್ದರಿಂದ ವಿಧಾನಸಭೆಯಲ್ಲಿ ಅವರಿಗೆ ಒಂದು ಸ್ಥಾನವೂ ಮೀಸಲಾಗಲಿಲ್ಲ. ಆ ಕೊರತೆಯನ್ನು ತುಂಬುವ ಮಸೂದೆಯನ್ನು ಸಂಸತ್ತು ಅಂಗೀಕರಿಸಿದ್ದು 2025ರ ಆಗಸ್ಟಿನಲ್ಲಿ. ಮನ್ನಣೆಗೂ ಪ್ರಾತಿನಿಧ್ಯಕ್ಕೂ ನಡುವೆ ಇಪ್ಪತ್ತೆರಡು ವರ್ಷ.

ಈ ಗೋವೆಯ ಪಾಠ ಖಾನಾಪುರಕ್ಕೆ ನೇರವಾಗಿ ಹೊಂದುತ್ತದೆ. ಆಗಲೇ ಹೇಳಿದ 10,477ರ ಅಂಕಿಯನ್ನು ಮತ್ತೊಮ್ಮೆ ನೋಡಿರಿ. ಜನಗಣತಿಯವರು ಪಂಗಡದ ಹೆಸರನ್ನು ಎಣಿಸುವುದು ಆ ಕಾಲದ ಯಾದಿಯನ್ನು ಕೈಯಲ್ಲಿ ಹಿಡಿದು. 2011ರಲ್ಲಿ ಬೆಳಗಾವಿ ಜಿಲ್ಲೆಯ ಸಿದ್ದಿ ಯಾದಿಯಲ್ಲಿರಲಿಲ್ಲ. ಹಾಗಾಗಿ ಅವನು ಪರಿಶಿಷ್ಟ ಪಂಗಡದ ಲೆಕ್ಕದಲ್ಲೂ ಇಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಯಿತು. 2027ರ ಮಾರ್ಚ 1 ಅದರ ಆಧಾರ ದಿನವೆಂದು ಸರಕಾರ 2025ರಲ್ಲಿ ಪ್ರಕಟಿಸಿತು. ಗ್ರಾಮ ಪಂಚಾಯತಿಯಿಂದ ಹಿಡಿದು ಲೋಕಸಭೆಯವರೆಗೆ ಮೀಸಲು ಸ್ಥಾನಗಳೆಲ್ಲ ಗಣತಿಯ ಅಂಕಿಗಳ ಮೇಲೆ ನಿಲ್ಲುತ್ತವೆ. 2020ರಲ್ಲಿ ಯಾದಿಗೆ ಬಂದ ಹೆಸರು ಸಭೆಯ ಲೆಕ್ಕಕ್ಕೆ ಬರಬೇಕಾದರೆ ಗಣತಿಯ ಹಾಳೆಯಲ್ಲಿ ಅದು ಸರಿಯಾಗಿ ಬೀಳಬೇಕು.

ಹಾಗಾದರೆ ಸಣ್ಣ ಸಮುದಾಯದ ಮಾತಿಗೆ ಜಾಗವೆಲ್ಲಿ? ನನಗೆ ತೋರುವ ಉತ್ತರ ತೀರ ಹತ್ತಿರದ್ದು: ಊರಿನ ಪಂಚಾಯತಿ ಕಟ್ಟೆ. ನಮ್ಮ ರಾಜ್ಯದ 1993ರ ಪಂಚಾಯತಿ ಕಾಯಿದೆಯಲ್ಲಿ ಸಾಮಾನ್ಯವಾಗಿ 400 ಜನಕ್ಕೆ ಒಬ್ಬ ಸದಸ್ಯ. ಎರಡು ಲಕ್ಷದಲ್ಲಿ ಕಾಣದೆ ಹೋಗುವ ಐವತ್ತು ಮನೆಯ ಸಿದ್ದಿ ವಾಡೆ ನಾನೂರರಲ್ಲಿ ಎದ್ದು ಕಾಣುತ್ತದೆ. ಸಂವಿಧಾನದ 243-ಡಿ ವಿಧಿ ಅಲ್ಲಿ ಜನಸಂಖ್ಯೆಗೆ ತಕ್ಕಷ್ಟು ಸ್ಥಾನಗಳನ್ನು ಪರಿಶಿಷ್ಟ ಪಂಗಡಕ್ಕೆ ಕೊಡಹೇಳುತ್ತದೆ. ಮಹಾರಾಷ್ಟ್ರ, ಗುಜರಾತಗಳಂತೆ ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲ; ಆದ್ದರಿಂದ ಅಂಥ ಪ್ರದೇಶಗಳ ಗ್ರಾಮಸಭೆಗೆ 1996ರ ಕಾಯಿದೆ ಕೊಟ್ಟ ವಿಶೇಷ ಬಲ ನಮ್ಮ ಗ್ರಾಮಸಭೆಗಿಲ್ಲ. ಆದರೂ ಅರಣ್ಯ ಹಕ್ಕಿನ ವಿಷಯದಲ್ಲಿ ಗ್ರಾಮಸಭೆಯೇ ಮೊದಲ ನ್ಯಾಯಪೀಠ. ಅದು ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ, ಪರಿಶಿಷ್ಟ ಪಂಗಡದವರಿರುವ ಊರಾದರೆ, ಮೂರರಲ್ಲಿ ಎರಡು ಪಾಲು ಸದಸ್ಯರು ಆ ಪಂಗಡದವರೇ ಇರಬೇಕು. ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಖಾನಾಪುರದ ಸಿದ್ದಿಗೆ 2020ರವರೆಗೆ ಈ ನಿಯಮ ಇದ್ದೂ ಇರಲಿಲ್ಲ. ಈಗ ಇದೆ. ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ ಸಿಗದ ಕುರ್ಚಿ ಊರಿನ ಶಾಲೆಯ ಜಗಲಿಯ ಮೇಲೆ, ಚಾಪೆಯ ರೂಪದಲ್ಲಿ, ಅವನಿಗಾಗಿ ಹಾಸಿದೆ. ಅದರ ಮೇಲೆ ಅವನು ಬಂದು ಕೂಡ್ರಬೇಕು. ಕೂಡ್ರಲು ನಾವು ಬಿಡಬೇಕು.

‘ನಾವು’ ಎಂದು ಬೇಕೆಂದೇ ಅಂದೆ. ಕಾಯಿದೆಯ ಕೆಲಸ ದಿಲ್ಲಿಯಲ್ಲಿ ಮುಗಿದರೂ ಅದರ ಬಾಳುವೆ ನಡೆಯುವುದು ಬೆಳಗಾವಿಯ ಕಚೇರಿಗಳಲ್ಲಿ, ಖಾನಾಪುರದ ಶಾಲೆಗಳಲ್ಲಿ. ನೀವು ಶಿಕ್ಷಕರಾಗಿದ್ದರೆ ಶಾಲೆಯ ದಾಖಲೆಯಲ್ಲಿ ಜಾತಿಯ ಅಂಕಣವನ್ನು ತುಂಬುವವರು ನೀವೇ. ಅಲ್ಲಿ ಮತದ ಹೆಸರನ್ನಷ್ಟೇ ಬರೆದು ‘ಸಿದ್ದಿ’ ಎಂಬ ಶಬ್ದವನ್ನು ಬಿಟ್ಟರೆ, ಮುಂದೆ ಆ ಹುಡುಗಿ ಪ್ರಮಾಣ ಪತ್ರಕ್ಕೆ ಅಲೆಯುವಾಗ ಆ ಒಂದು ಶಬ್ದದ ಬೆಲೆ ತಿಳಿಯುತ್ತದೆ. ನೀವು ಕಾರಕೂನರಾಗಿದ್ದರೆ 2020ರ ತಿದ್ದುಪಡಿಯ ಪ್ರತಿ ನಿಮ್ಮ ಮೇಜಿನ ಮೇಲಿರಲಿ. ನೀವು ಗಣತಿಗೆ ಹೋಗುವವರಾದರೆ ಅಡವಿಯ ಕೊನೆಯ ಮನೆಯವರೆಗೂ ನಡೆಯಿರಿ. ಗ್ರಾಮಸಭೆಯ ಮುಂದಾಳುವಾಗಿದ್ದರೆ, ಹಿಂದೆ ಕಂಬಕ್ಕೆ ಒರಗಿ ನಿಂತ ಸಿದ್ದಿ ಹೆಂಗಸಿಗೆ ‘ಬಾರವ್ವಾ, ಮುಂದ ಬಾ, ನಿನ್ನ ಮಾತೇನು ಹೇಳು’ ಎಂದು ಒಂದು ಸಲ ಅನ್ನಿರಿ. ಅವಳು ಕೊಂಕಣಿಯಲ್ಲಿ ಹೇಳಿದರೂ ಸರಿ, ಬರೆದುಕೊಳ್ಳಲು ಬೇಕಾದದ್ದು ಕನ್ನಡದ ಲೇಖನಿ ಮಾತ್ರ.

ಇವು ಯಾವುವೂ ಇಲ್ಲದ ಸಾಮಾನ್ಯ ಪ್ರಯಾಣಿಕರಾಗಿದ್ದರೆ ನಿಮ್ಮ ಪಾಲಿಗೂ ಒಂದು ಕೆಲಸವಿದೆ. ಮುಂದಿನ ಸಲ ಲೋಂಡಾದ ರೈಲಿನಲ್ಲಿ ಸಿದ್ದಿಯೊಬ್ಬರು ನಿಮ್ಮ ಪಕ್ಕದಲ್ಲಿ ಕುಳಿತರೆ ‘ನೀವು ಯಾವ ದೇಶದವರು’ ಎಂದು ಕೇಳಬೇಡಿರಿ. ನಮ್ಮಲ್ಲಿ ಒಬ್ಬರನ್ನೊಬ್ಬರು ಹೇಗೆ ಕೇಳುತ್ತೇವೆಯೋ ಹಾಗೆಯೇ ಕೇಳಿರಿ: ‘ನಿಮ್ಮೂರು ಯಾವುದು? ಈ ಸಲ ಮಳೆ ಹೇಗಿದೆ?’ ಅವರು ಖಾನಾಪುರ ತಾಲೂಕಿನ ಒಂದು ಹಳ್ಳಿಯ ಹೆಸರನ್ನು ಹೇಳುತ್ತಾರೆ. ಸಂವಿಧಾನಕ್ಕೆ ಅದನ್ನು ಬರೆದುಕೊಳ್ಳಲು ಎಪ್ಪತ್ತು ವರ್ಷ ಬೇಕಾಯಿತು. ನಮಗೆ ಒಂದು ನಿಲ್ದಾಣದಷ್ಟು ಹೊತ್ತು ಸಾಕು.